ಅತ್ತೆ ಕತ್ತರಿಸಿದ ಮಾತು

ನಮ್ಮದು ಎರಡು ಅಡುಗೆಮನೆ, ಎರಡು ಟಿವಿ, ಒಂದೇ ಬಚ್ಚಲಿನ ಮನೆ. ಜಗಳ ಹುಟ್ಟಿದ್ದೂ ಆ ಬಚ್ಚಲಿನಿಂದಲೇ. ನನ್ನ ಓರಗಿತ್ತಿ ಕನ್ನಡಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಜಿಡ್ಡು ಹೋಗಬೇಕಾದರೆ ಅಮೋನಿಯಾ ನೀರೇ ಆಗಬೇಕು ಎನ್ನುವವಳು. ಅಂಗಡಿಯಿಂದ ಬಾಟಲಿ ತಂದು ಬಚ್ಚಲಿನ ಗೋಡೆ, ನೆಲ ಎಲ್ಲಕ್ಕೂ ಸುರಿಯುತ್ತಾಳೆ. ನಾನು ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯವಳು. ಬ್ಲೀಚ್ ಬೀಳದ ಜಾಗ ಶುದ್ಧವಾಯಿತೆಂದರೆ ನನಗೆ ನಂಬಿಕೆಯಿಲ್ಲ. ಅವಳು ತೊಳೆದದ್ದನ್ನು ನಾನು ಮತ್ತೆ ತೊಳೆಯುತ್ತಿದ್ದೆ, ನಾನು ತೊಳೆದದ್ದನ್ನು ಕಂಡು ಅವಳು ಮೂಗು ಮುರಿಯುತ್ತಿದ್ದಳು. ನಡುವೆ ಯಾರಾದರೂ ಸ್ನಾನ ಮಾಡಿ ನೀರು ಹರಿಯುತ್ತಿದ್ದುದರಿಂದ ಬಚಾವಾಗಿದ್ದೆವು. ಅದು ಆಗ ನಮಗೆ ಗೊತ್ತಿರಲಿಲ್ಲ.

ಕೊನೆಗೊಂದು ದಿನ ಇಬ್ಬರೂ ಮಾತು ಬಿಟ್ಟೆವು. ಅಣ್ಣತಮ್ಮಂದಿರು, ಅಂದರೆ ನಮ್ಮ ಗಂಡಂದಿರು, ಈ ಉಸಾಬರಿ ನಮಗೆ ಬೇಡವೆಂದು ಕೈತೊಳೆದುಕೊಂಡರು. ಉಳಿದವರು ಅತ್ತೆ. ಉಬ್ಬಸದ ಜೀವ, ಆದರೂ ಆ ಕೋಣೆಯಿಂದ ಈ ಕೋಣೆಗೆ ಓಡಾಡಿ ಇಬ್ಬರ ಮಾತನ್ನೂ ಮುಟ್ಟಿಸುತ್ತಿದ್ದರು. "ಹಾಲು ಉಕ್ತಾ ಇದೆ ಅಂತ ಅವಳಿಗೆ ಹೇಳಿ" ಎಂದು ನಾನು ಹೇಳಿ, ಅತ್ತೆ ಹೋಗಿ ತಲುಪಿಸುವಷ್ಟರಲ್ಲಿ ಹಾಲು ಒಲೆಯ ಪಾಲಾಗಿರುತ್ತಿತ್ತು.

ಆ ದಿನ ಮಧ್ಯಾಹ್ನ ನಾನು ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದೆ. ಅತ್ತೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

"ಅಕ್ಕ ಬಚ್ಚಲು ತೊಳೆದಿದ್ದಾಳಂತೆ ಕಣಮ್ಮ. ನಿಂಗೆ ಸುಸ್ತಾಗಿರುತ್ತೆ, ಇವತ್ತು ಬಿಟ್ಬಿಡು ಅಂದ್ಲು."

"ಯಾರು, ಅವಳಾ?"

"ಅವಳೇ."

ಆ ಮಾತಿಗೆ ನಾನು ಕರಗಿಹೋದೆ. ಕೋಪಿಷ್ಠೆ ಎಂದು ಹೆಸರಾದವಳು ನಾನು, ಆದರೂ ಕರಗಿದೆ. ನನ್ನ ಸುಸ್ತು ಅವಳ ಕಣ್ಣಿಗೆ ಬಿತ್ತೆಂದರೆ ನಾನು ಸುಮ್ಮನೆ ಕೂರುವುದು ಹೇಗೆ? ಕೈಯಲ್ಲಾದಷ್ಟು ಮಾಡಿಕೊಡೋಣವೆಂದು ಬ್ಲೀಚಿನ ಕ್ಯಾನು ತೆಗೆದುಕೊಂಡು ಕೆಳಗಿಳಿದೆ. ಬಚ್ಚಲಿನ ನೆಲ ಒದ್ದೆಯಾಗಿತ್ತು, ಮೂಗಿಗೆ ಹೊಡೆಯುವ ವಾಸನೆಯಿತ್ತು. ಓರಗಿತ್ತಿಯ ಮೈಬಟ್ಟೆಗೆಲ್ಲ ಸದಾ ಅದೇ ವಾಸನೆ, ಹಾಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಧಾರಾಳವಾಗಿ ಸುರಿದು ಬ್ರಷ್ ಹಿಡಿದು ಕೂತೆ.

ಮೊದಲು ಕಣ್ಣು ಉರಿಯಿತು. ಆಮೇಲೆ ಗಂಟಲು. ಯಾರೋ ಎದೆಯ ಮೇಲೆ ಮೊಣಕಾಲೂರಿದ ಹಾಗಾಯಿತು. ಎದ್ದು ನಿಲ್ಲುವಷ್ಟರಲ್ಲಿ ಅತ್ತೆ ಒಳಗೇ ಬಂದುಬಿಟ್ಟಿದ್ದರು.

"ಸಾಕು ಬಿಡಮ್ಮ, ಅವಳು ನೋಡಿದ್ರೆ ಮತ್ತೆ..." ಎನ್ನುವಾಗಲೇ ಕೆಮ್ಮು ಹಿಡಿಯಿತು. ಅಲ್ಲೇ ಕುಸಿದು ಕುಳಿತರು. ತುಟಿ ನೀಲಿಯಾಗುತ್ತಿತ್ತು. ಎಳೆಯಲು ಹೋದೆ, ನನ್ನ ಕಾಲೂ ಜಾರಿತು, ಉಸಿರೂ ಸಾಲದು. ಅತ್ತೆ ನನ್ನ ಕೈಯಲ್ಲೇ ಹೋಗಿಬಿಡುತ್ತಾರೆ ಎಂದು ಜೀವ ಝಲ್ಲೆಂದಿತು.

ಕೆಮ್ಮು ಕೇಳಿ ಓರಗಿತ್ತಿ ಓಡಿ ಬಂದಳು. "ಕಂಕುಳಿಗೆ ಕೈ ಹಾಕು," ಎಂದಳು.

"ಕಾಲು ನೀನು ಹಿಡ್ಕೊ," ಎಂದೆ.

ಹೊತ್ತು ತಾರಸಿಯ ಮೆಟ್ಟಿಲಿನ ಗಾಳಿಗೆ ತಂದೆವು. ಅಲ್ಲಿಂದ ಆಸ್ಪತ್ರೆಗೆ.

"ಅಮೋನಿಯಾ, ಬ್ಲೀಚ್ ಎರಡೂ ಸೇರಿದ್ರೆ ವಿಷದ ಗಾಳಿ ಏಳುತ್ತೆ," ಎಂದರು ಡಾಕ್ಟರು. "ಒಂದೇ ಮನೇಲಿದ್ದೀರಿ, ಒಬ್ಬರಿಗೊಬ್ಬರು ಹೇಳ್ಕೊಳ್ಳಲ್ವಾ? ಅಜ್ಜಿಯವರ ಎದೆ ಮೊದಲೇ ಸೋತಿದೆ. ಬೆಳಗಾಗಲಿ, ನೋಡೋಣ."

ಅತ್ತೆಯ ಮುಖಕ್ಕೆ ಆಕ್ಸಿಜನ್ ಮಾಸ್ಕು. ನಾವಿಬ್ಬರು ಹೊರಗಿನ ಬೆಂಚಿನ ಆ ತುದಿ, ಈ ತುದಿ. ನಾನು ಏಳುವುದು, ಬಾಗಿಲ ಗಾಜಿನಲ್ಲಿ ಇಣುಕುವುದು, ಕೂರುವುದು, ಮತ್ತೆ ಏಳುವುದು. ನಡುವೆ ಮಾತು ಸಾಗಿಸುವವರು ಯಾರೂ ಇರಲಿಲ್ಲ.

"ಹೇಳಿ ಕಳ್ಸಿದ್ನಲ್ಲ," ಎಂದಳು ಅವಳು, ಗೋಡೆಗೆ ಹೇಳುವಂತೆ.

"ಏನಂತ? ನನಗೆ ಸುಸ್ತಾಗಿರುತ್ತೆ ಅಂತ ತಾನೆ?"

"ನಿನ್ನ ಸುಸ್ತು ಕಟ್ಕೊಂಡು ನನಗೇನು? ಅಮೋನಿಯಾ ಸುರಿದಿದ್ದೀನಿ, ನೆನೀತಾ ಇರ್ಲಿ, ಆ ಮಹಾರಾಣಿ ತನ್ನ ದರಿದ್ರ ಬ್ಲೀಚ್ ತಗೊಂಡು ಆ ಕಡೆ ಸುಳೀಬಾರ್ದು, ಎರಡೂ ಸೇರಬಾರ್ದು ಅಂತ ನಮ್ಮ ಅಂಗಡಿ ಯಜಮಾನ್ರು ನಿನ್ನೆಯಷ್ಟೇ ಹೇಳಿದ್ರು ಅಂದೆ."

ಮಹಾರಾಣಿ, ದರಿದ್ರ ಎರಡನ್ನೂ ಅತ್ತೆ ಕತ್ತರಿಸಿದ್ದರು. ಅವುಗಳ ಜೊತೆಗೆ ಬ್ಲೀಚ್ ಕೂಡ ಹೋಗಿತ್ತು. ಖಾಲಿಯಾದ ಜಾಗಕ್ಕೆ ನನ್ನ ಸುಸ್ತನ್ನು ತಂದು ಕೂರಿಸಿದ್ದರು.

ಓರಗಿತ್ತಿ ಈಗ ನನ್ನ ಕಡೆ ತಿರುಗಿ ಕೇಳಿದಳು. "ಹಸಿರು ಬಣ್ಣ ನಂಗೆ ಒಪ್ಪುತ್ತೆ ಅಂತ ನೀನು ಅತ್ತೆ ಹತ್ರ ಹೇಳಿದ್ಯಂತಲ್ಲ?"

"ನಾನಾ? ಯಾವಾಗ?"

ಅವಳು ತಲೆ ತಗ್ಗಿಸಿದಳು. ಆ ದಿನವೂ ಅವಳ ಮೈಮೇಲೆ ಹಸಿರೇ ಇತ್ತು. ನನಗೆ ನಾಚಿಕೆಯಾಯಿತು, ಯಾಕೆಂದು ಹೇಳಲಾರೆ. ಬೆಳಗಾಗುವವರೆಗೂ ಸರದಿಯ ಮೇಲೆ ಇಣುಕಿದೆವು.

ಅತ್ತೆ ಉಳಿದರು. ದನಿ ಮಾತ್ರ ಗೊರಗೊರ ಆಯಿತು. ಮನೆಗೆ ಬಂದು ಮಲಗಿದರೂ ಕಿವಿ ನಮ್ಮ ಕಡೆಗೇ ಇತ್ತು. ಓರಗಿತ್ತಿ ಆಮೇಲೆ ಹಸಿರು ಉಡುವುದನ್ನೇ ಬಿಟ್ಟಳು.

ರಜೆಯ ದಿನ ಅವಳು ಬಾಟಲಿ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಳು. "ಅಮೋನಿಯಾ ಹಾಕ್ತಿದ್ದೀನಿ. ನಿನ್ನ ದರಿದ್ರ ಬ್ಲೀಚ್ ಈ ಕಡೆ ತರ್ಬೇಡ."

ಮಲಗಿದ್ದಲ್ಲಿಂದಲೇ ಅತ್ತೆ ಗಡಿಬಿಡಿ ಮಾಡಿದರು. "ಹಾಗಲ್ಲಮ್ಮ, ಅವಳು ಅಂದಿದ್ದು ಏನು ಅಂದ್ರೆ..."

"ಕೇಳಿಸ್ತು ಅತ್ತೆ. ಪೂರ್ತಿ ಕೇಳಿಸ್ತು."

ಕ್ಯಾನನ್ನು ತಾರಸಿಯಲ್ಲಿಟ್ಟು ಬಂದೆ. ಒಳಗೆ ಬ್ರಷ್ಷಿನ ಸದ್ದು ಜೋರಾಗಿತ್ತು. ಬಾಗಿಲ ಬಳಿ ನಿಂತು ಹೇಳಿದೆ, "ಅಕ್ಕ, ಹಸಿರು ಉಟ್ಕೊ. ಅಷ್ಟೇನೂ ಕೆಟ್ಟದಾಗಿ ಕಾಣಲ್ಲ."

ಸದ್ದು ನಿಂತಿತು.

"ಅವಳಿಗೆ ಹೇಳ್ಲಾ?" ಎಂದರು ಅತ್ತೆ.

"ಬೇಡ ಅತ್ತೆ. ಹೇಳಾಯ್ತು."