ಅಕ್ಕನ ನೀಲಿ ಲೋಟ

"ಅಯ್ಯಯ್ಯೋ, ಅದನ್ನ ಯಾಕೆ ತೊಳೀತಿದೀಯೆ? ಅದು ಅವಳ ಲೋಟ ಕಣೆ!"

ಚಿಕ್ಕಮ್ಮ ಕೂಗಿದ ರಭಸಕ್ಕೆ ತಂಗಿಯ ಕೈಯಿಂದ ನೀಲಿ ಲೋಟ ಜಾರಿ ತೊಟ್ಟಿಗೆ ಬಿತ್ತು. ಅಕ್ಕನನ್ನು ಮಣ್ಣು ಮಾಡಿ ಬಂದವರಿಗೆ ನೀರು ಕೊಡಲು ಲೋಟ ಸಾಲದೆ, ಸಿಕ್ಕಿದ್ದನ್ನೆಲ್ಲ ತೊಳೆಯುತ್ತಿದ್ದಳು. ಅಕ್ಕ ಆಸ್ಪತ್ರೆಯ ಸ್ಕ್ಯಾನ್ ಕೋಣೆಯಲ್ಲೇ ಜೀವ ತೇದು ದುಡಿದವಳು; ವಿಕಿರಣದ ಔಷಧಿ ಕೊಟ್ಟು ಒಳಗಿನ ಚಿತ್ರ ತೆಗೆಯುವ ಕೆಲಸ. ಮೊನ್ನೆ ಹಲ್ಲುಜ್ಜುತ್ತಿದ್ದವಳು ಎದೆ ಹಿಡಿದುಕೊಂಡು ಕುಸಿದಿದ್ದಳು.

"ಎದೆಯಂತೆ ಎದೆ! ಆ ಔಷಧೀನೇ ಒಳಗೊಳಗೇ ತಿಂದಿರೋದು. ನಾಳೆ ನೀನೂ ಅದೇ ಕೋಣೆಗೆ ಹೋಗ್ತೀಯಾ?"

ಚಿಕ್ಕಮ್ಮನ ಬಾಯಿಗೆ ಬೀಗ ಹಾಕುವವರು ಯಾರು? ತಂಗಿಯ ಕೈ ತಾನಾಗಿ ಕತ್ತಿಗೆ ಹೋಯಿತು. ಥೈರಾಯ್ಡ್ ಗಂಟು ಅಲ್ಲೇ ಇತ್ತು, ಗೋಲಿಯಷ್ಟು. ಸ್ಕ್ಯಾನಿಗೆ ಹೋಗದಿದ್ದರೆ ಅದು ಎಂಥ ಗಂಟೋ ತಿಳಿಯದು. ಹೋದರೆ ಈ ಮನೆಯಲ್ಲಿ ತನಗೂ ಒಂದು ಬೇರೆ ಲೋಟ.

*

ಲೋಟ ಬೇರೆ ಇಟ್ಟವಳು ತಂಗಿಯೇ. ಬಸುರಿಯಾಗಿದ್ದಾಗ, ಅಕ್ಕನಿಂದ ವಿಕಿರಣ ಹೊಟ್ಟೆಯ ಕೂಸಿಗೆ ತಗುಲೀತೆಂದು ಹೆದರಿ ಇಟ್ಟಿದ್ದು, ಮಗಳಿಗೆ ನಾಲ್ಕು ತುಂಬಿದರೂ ಹಾಗೇ ಉಳಿಯಿತು.

"ನನಗಂತಾನೇ ಒಂದು ಲೋಟಾನಾ? ಮಹಾರಾಣಿ ಆಗ್ಬಿಟ್ಟೆ ಬಿಡು!" ಎಂದು ಅಕ್ಕ ನಕ್ಕಿದ್ದಳು. ಮಗುವನ್ನು ಮಾತ್ರ ತಾನಾಗಿ ಎಂದೂ ಎತ್ತಿಕೊಳ್ಳಲಿಲ್ಲ.

ಗಂಟು ಕಂಡ ದಿನ ತಂಗಿಯ ತಲೆ ಸವರಿ, "ಸ್ಕ್ಯಾನ್ ಕ್ಯಾಮೆರಾ ಹತ್ತಿರ ಬರುತ್ತೆ, ಮುಟ್ಟಲ್ಲ. ನಾನು ಇರ್ತೀನಲ್ಲ, ಪುಕ್ಕಲಿ," ಎಂದಿದ್ದಳು.

*

"ನಾಳೆ ನಾನಿರ್ತೀನಿ," ಎಂದಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ ನರ್ಸ್. ಅಕ್ಕನ ಜೊತೆ ಅದೇ ಕೋಣೆಯಲ್ಲಿ ದುಡಿದವಳು.

"ತುಂಬ ನೋವಾಗುತ್ತಾ?"

"ಸೂಜಿ ಚುಚ್ಚಿದಷ್ಟೇ. ಸ್ವಲ್ಪ ಕಾಯೋದು, ಆಮೇಲೆ ಕತ್ತು ಹಿಂದಕ್ಕೆ ಬಾಗಿಸಿ ಅಲ್ಲಾಡದೆ ಮಲಗೋದು. ಮುಗಿದ್ಮೇಲೆ ಚೆನ್ನಾಗಿ ನೀರು ಕುಡಿ, ಔಷಧಿ ಮೂತ್ರದಲ್ಲಿ ಹೋಗ್ಬಿಡುತ್ತೆ."

"ಮಗು?"

"ಅವತ್ತೊಂದು ದಿನ ತುಂಬ ಹೊತ್ತು ತಬ್ಕೊಂಡು ಕೂರ್ಬೇಡ, ಅಷ್ಟೆ."

"ಮತ್ತೆ ಅಕ್ಕ? ಅವಳನ್ನ ಅದೇ..."

"ಇಲ್ಲ ಕಣೇ. ಎಷ್ಟು ವಿಕಿರಣ ತಗುಲಿತು ಅಂತ ಹೇಳೋ ಬಿಲ್ಲೆ ನಮ್ಮ ಎದೆ ಮೇಲೇ ಇರುತ್ತೆ. ಅವಳದ್ದು ಯಾವತ್ತೂ ಮಿತಿ ದಾಟಿಲ್ಲ. ಅವಳು ಕುಡಿದ ಲೋಟದಿಂದ ಯಾರಿಗೂ ಏನೂ ಆಗ್ತಿರ್ಲಿಲ್ಲ." ನರ್ಸ್ ತೊಟ್ಟಿಯತ್ತ ನೋಡಿದಳು. "ಬೇರೆ ಲೋಟಕ್ಕೆ ಯಾಕೆ ಒಪ್ಕೊಂಡೆ ಅಂತ ನಾವು ಬೈದ್ರೆ, ‘ಇರ್ಲಿ ಬಿಡ್ರೇ, ತಂಗಿ ನೆಮ್ಮದಿಯಾಗಿ ನಿದ್ದೆ ಮಾಡ್ಲಿ’ ಅಂತಿದ್ಲು."

ತಂಗಿ ಬಿಕ್ಕಿದಳು. ಲೋಟವನ್ನೆತ್ತಿ ನೀರು ತುಂಬಿಸಿದಳು. ಅಂಚಿಗೆ ತುಟಿಯಿಟ್ಟು ಅರ್ಧ ಕುಡಿದಳು.

"ಅಮ್ಮಾ, ನಂಗೂ ನೀರು," ಎಂದು ಮಗಳು ಬಂದು ಕಾಲಿಗೆ ತೆಕ್ಕೆಬಿದ್ದಳು.

ಚಿಕ್ಕಮ್ಮ ಗಡಬಡಿಸಿ ಬೇರೆ ಲೋಟ ಹುಡುಕತೊಡಗಿದಳು. ಅಷ್ಟರಲ್ಲಿ ಮಗು ನೀಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಗಟಗಟ ಕುಡಿಯುತ್ತಿತ್ತು. ಅದು ಜಾರದಂತೆ ತಂಗಿ ಅಡಿಗೆ ಅಂಗೈ ಕೊಟ್ಟಿದ್ದಳು.