ಟಾಂಕಿ ತೊಳೆದ ಭಾನುವಾರಗಳು

ಫೋರ್ಟಿನ ಆಫೀಸುಗಳಿಗೆ ಭಾನುವಾರ ರಜೆ, ಹಾಗಾಗಿ ಅಲ್ಲಿನ ಚೆನ್ನಯನ ಹೋಟೆಲಿಗೂ ರಜೆ. ಅವನ ಮಗಳು ಪ್ರಣೀತಾಳ ಸಂಶೋಧನೆಗೆ ಮಾತ್ರ ಅದೇ ಕೆಲಸದ ದಿನ. ಹೋದ ಜೂನ್‌ನಿಂದ ತಿಂಗಳಿಗೆರಡು ಸಲ ಅಪ್ಪ ಮಗಳು ಘಾಟ್ಕೋಪರಿನಿಂದ ಸ್ಕೂಟರಿನಲ್ಲಿ ಪವಾಯಿ ಕೆರೆಗೆ ಹೋಗುತ್ತಿದ್ದರು. ಕಟ್ಟೆಯ ತುದಿಯಿಂದ ಚೆನ್ನಯ ಹಗ್ಗ ಕಟ್ಟಿದ ಬಕೆಟ್ ಇಳಿಬಿಟ್ಟು ಮೇಲಿನ ನೀರು ಸೇದುವುದು, ಅವಳು ಅದನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಸೋಸುವುದು. ಬಲೆಯಲ್ಲಿ ಉಳಿದದ್ದನ್ನು ಬಿಳಿ ತಟ್ಟೆಗೆ ಸುರಿದರೆ ಎಳ್ಳಿಗಿಂತ ಸಣ್ಣ ನೀರಚಿಗಟಗಳು ಕುಪ್ಪಳಿಸುತ್ತಿದ್ದವು. ಜೂಪ್ಲಾಂಕ್ಟನ್ ಎಂಬ ಭಾರಿ ಹೆಸರು ಹೊತ್ತ ಈ ಪುಡಿಜೀವಗಳು ಯಾವ ಕಾಲದಲ್ಲಿ ಹೆಚ್ಚುತ್ತವೆ, ನೀರು ಕೆಟ್ಟಾಗ ಏನಾಗುತ್ತವೆ ಎಂಬುದೇ ಅವಳ ಪಿಎಚ್‌ಡಿ. ಇದರಿಂದ ಯಾರಿಗೆ ಏನು ಉಪಯೋಗ ಎಂದು ಮೊದಲ ತಿಂಗಳು ಕೇಳಿದ್ದ ಚೆನ್ನಯ, ದೀಪಾವಳಿಯ ಹೊತ್ತಿಗೆ ತಟ್ಟೆಗೆ ತಾನೇ ಮೊದಲು ಬಗ್ಗುತ್ತಿದ್ದ.

ಮಳೆಗಾಲದಲ್ಲಿ ಕೆಸರು ನೀರು ನುಗ್ಗಿ ಚಿಗಟಗಳು ಕಡಿಮೆಯಾದವು, ಚಳಿಗಾಲದಲ್ಲಿ ತುಂಬಿಕೊಂಡವು. ಎಪ್ರಿಲ್ ಬಂದದ್ದೇ ತಟ್ಟೆ ಬರಿದು. ಮೇ ತಿಂಗಳಲ್ಲೂ ಅದೇ ಕಥೆ. ಬಿಸಿಲಿಗೆ ನೀರು ಇಳಿದು ಹಸಿರುಗಟ್ಟಿ ಅವುಗಳ ವಂಶವೇ ಅಳಿಸಿಹೋಗಿದೆ ಎಂದು ಪ್ರಣೀತಾ ತೀರ್ಮಾನಿಸಿದಳು. ಗೈಡ್ ಶೀತಲ್ ಮೇಡಂಗೆ ಖುಷಿಯೋ ಖುಷಿ. ಬರುವ ವಾರದ ಸೆಮಿನಾರಿನಲ್ಲಿ ಇದನ್ನೇ ಹೇಳು, ಈ ವರ್ಷವೇ ಪ್ರಬಂಧ ಮುಗಿಸು ಎಂದುಬಿಟ್ಟರು. ಚೆನ್ನಯನಂತೂ ಗಲ್ಲಾದಲ್ಲಿ ಕೂತು, ಕೇಳಿದವರಿಗೂ ಕೇಳದವರಿಗೂ ಮಗಳ ಶೋಧವನ್ನು ಚಹಾದ ಜೊತೆ ಬಡಿಸಿದ.

ಸೆಮಿನಾರಿಗೆ ಮುಂಚಿನ ಭಾನುವಾರ, ಕೊನೆಯದಾಗಿ ಒಂದು ಸಲ ಎಂದು ಹೋದರು. ಮಳೆಯ ಸುಳಿವಿರಲಿಲ್ಲ. ಸೂರ್ಯ ಆಗಷ್ಟೇ ಬಿಲ್ಡಿಂಗುಗಳ ಸಂದಿಯಲ್ಲಿ ಮುಖ ತೋರಿಸಿದ್ದ. ತಟ್ಟೆಗೆ ಸುರಿದರೆ ತುಂಬ ಚಿಗಟ.

"ಎಂತ ಮಗಾ ಇದು? ಸತ್ತದ್ದು ಎದ್ದು ಬಂತಾ?" ಎಂದ ಚೆನ್ನಯ.

ಪ್ರಣೀತಾ ಕಟ್ಟೆಯಿಂದ ಬಗ್ಗಿ ಕೆರೆಯನ್ನು ನೋಡಿದಳು. ನೀರು ಅದೇ ಹಸಿರು, ಮಟ್ಟ ಇನ್ನೂ ಇಳಿದಿತ್ತು. ಹಾಗಾದರೆ ಬದಲಾದದ್ದೇನು? ಹೆದರಿಕೆಗಿಂತ ಕುತೂಹಲವೇ ಅವಳನ್ನು ಜಗ್ಗಿತು.

"ಪಪ್ಪಾ, ಹೋದ ಸಲ ಬಂದಾಗ ಟೈಮ್ ಎಷ್ಟಾಗಿತ್ತು?"

"ಮಧ್ಯಾಹ್ನ ಅಲ್ವಾ? ಹುಡುಗರೆಲ್ಲ ಭೂತದ ನೇಮ, ಮದುವೆ ಅಂತ ಊರಿಗೆ ಹೋಗಿದ್ರು. ಭಾನುವಾರ ಹೋಟ್ಲಿನ ನೀರಿನ ಟಾಂಕಿ ತೊಳಿಲಿಕ್ಕೆ ಯಾರುಂಟು? ನಾನೇ ಹೋಗಿ ತೊಳೆದು ಬರ್ಬೇಕಿತ್ತು. ಮೊನ್ನೆ ಸುಭಾಷ ಊರಿಂದ ಬಂದ, ಅದಕ್ಕೆ ಇವತ್ತು ಮೊದಲಿನ ಹಾಗೆ ಬೇಗ ಬಂದದ್ದು."

"ಎಪ್ರಿಲ್‌ನಲ್ಲೂ ಹಾಗೇನಾ?"

"ಹೌದು ಮಾರಾಯ್ತಿ, ಎರಡು ತಿಂಗಳೂ ನಾನೇ."

ಪ್ರಣೀತಾ ಕಟ್ಟೆಯ ಮೇಲೆ ಕೂತುಬಿಟ್ಟಳು. ಮಧ್ಯಾಹ್ನದವರೆಗೆ ಇಲ್ಲೇ ಇರೋಣ ಎಂದಳು. ಚೆನ್ನಯ ಯಾಕೆಂದು ಕೇಳದೆ ತಲೆಗೆ ಟವೆಲ್ ಸುತ್ತಿಕೊಂಡ.

ಬಿಸಿಲು ಏರಿದಂತೆ ಪ್ರತಿ ಬಕೆಟ್ಟಿಗೂ ಚಿಗಟಗಳು ಕಡಿಮೆಯಾಗುತ್ತ ಬಂದವು. ನೆತ್ತಿ ಸುಡುವ ಹೊತ್ತಿಗೆ ತಟ್ಟೆಯಲ್ಲಿ ಒಂದೂ ಇರಲಿಲ್ಲ. ಆಗ ಅವಳು ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ, ತಳದ ಹತ್ತಿರಕ್ಕೆ ಇಳಿಸಿ ದಾರ ಎಳೆದಳು. ಬಿರಡೆ ಕಳಚಿಕೊಂಡಿತು. ತುಂಬಿದ ಬಾಟಲಿಯನ್ನು ಮೇಲೆತ್ತಿ ಸುರಿದಾಗ ತಟ್ಟೆಯಲ್ಲಿ ಜಾತ್ರೆ.

"ಎಲ್ಲಿಗೂ ಹೋಗಿಲ್ಲ ಪಪ್ಪಾ. ಬೆಳಕಿದ್ರೆ ಮೀನಿನ ಕಣ್ಣಿಗೆ ಬೀಳ್ತವೆ, ಅದಕ್ಕೆ ಹಗಲು ಕೆಳಗೆ ಹೋಗಿ ಕೂತ್ಕೊಳ್ತವೆ. ಬುಕ್ಕಲ್ಲಿ ಓದಿ ಮಾರ್ಕ್ಸೂ ತಗೊಂಡಿದ್ದೆ. ನನ್ನ ಕೆರೆಯಲ್ಲೂ ಹೀಗೇ ಅಂತ ಹೊಳೀಲೇ ಇಲ್ಲ."

ಚೆನ್ನಯ ತಟ್ಟೆಗೆ ಬಗ್ಗಿದ. "ಹಾಗಾದ್ರೆ ಇದು ಬೇಸಿಗೆ ಮಾಡಿದ್ದಲ್ಲ. ನನ್ನ ಟಾಂಕಿ ಮಾಡಿದ್ದು."

ಅವಳು ಹೌದೆಂದು ತಲೆಯಾಡಿಸಿದಳು.

"ಮೇಡಂಗೆ ಗೊತ್ತಾಗ್ತದಾ?"

"ನಾನು ಹೇಳಿದ್ರೆ ಗೊತ್ತಾಗ್ತದೆ."

ಅವಳಿಗೆ ಅಳುವೂ ಬಂತು, ನಗುವೂ ಬಂತು. ಒಂದು ಉಡುಪಿ ಹೋಟೆಲಿನ ಟಾಂಕಿಯ ದೆಸೆಯಿಂದ ಪವಾಯಿಯ ಚಿಗಟಗಳಿಗೆ ಹೊಸದೊಂದು ಕ್ಷಾಮ ಬಂದಿತ್ತಲ್ಲ ಎಂದುಕೊಂಡು ಫೋನ್ ತೆಗೆದಳು. ಮೇಡಂ ಪೂರ್ತಿ ಕೇಳಿಸಿಕೊಂಡರು. ಸೆಮಿನಾರ್ ಬೇಡ, ಬೇಸಿಗೆಯನ್ನು ಇನ್ನೊಂದು ಸಲ ಮಾಡಬೇಕು ಎಂದರು. ಇನ್ನೊಂದು ಬೇಸಿಗೆ ಎಂದರೆ ಇನ್ನೊಂದು ವರ್ಷ.

ಫೋನ್ ಇಟ್ಟು ಬಲೆ, ಬಾಟಲಿ ಜೋಡಿಸತೊಡಗಿದಳು. ಬಕೆಟ್ ಕೊಡಲು ಚೆನ್ನಯ ಒಪ್ಪಲಿಲ್ಲ.

"ಸಂಜೆ ಮೇಲೆ ಬರ್ತಾವಾ ಅವು?"

"ಬರ್ಬೇಕು."

"ಹಾಗಾದ್ರೆ ನೋಡಿಯೇ ಹೋಗುವ." ಅವನು ಮರದ ನೆರಳಿಗೆ ಸರಿದು ಕೂತು, ಹಗ್ಗವನ್ನು ಸುತ್ತಿ ತೊಡೆಯ ಮೇಲಿಟ್ಟುಕೊಂಡ. "ಮತ್ತೆ, ಬರುವ ಎಪ್ರಿಲ್‌ನಿಂದ ಟಾಂಕಿ ಶನಿವಾರವೇ ತೊಳೆಯುವ."