ಜಲಜಕ್ಕನ ಬಲಗೈ

ಹೋಳಿಗೆಯ ತುಪ್ಪ ಮೆತ್ತಿದ ಫೋನನ್ನು ಯಾರಾದರೂ ಮೂಗಿನ ಹತ್ತಿರ ಹಿಡಿದರೆ ನನಗೆ ವಾಕರಿಕೆ ಬರುತ್ತದೆ. ನಾನು ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್‌ನಲ್ಲಿ ರೇಡಿಯಾಲಜಿಸ್ಟು. ಕೀಲು, ಸ್ನಾಯು, ನರಗಳ ಸ್ಕ್ಯಾನು ನೋಡಿ ತೊಂದರೆ ಎಲ್ಲಿದೆ ಎಂದು ಹೇಳುವುದು, ಬೇಕಾದರೆ ಸ್ಕ್ಯಾನಿನಲ್ಲಿ ನೋಡಿಕೊಂಡೇ ಅಲ್ಲಿಗೆ ಸೂಜಿ ಇಳಿಸುವುದು ನನ್ನ ಕೆಲಸ. ಇದು ನಮ್ಮ ಕನ್ನಡದವರಿಗೆ ಗೊತ್ತಾದ ದಿನದಿಂದ ಒಂದು ನಾಮಕರಣದಲ್ಲೂ ನಾನು ನೆಮ್ಮದಿಯಾಗಿ ಊಟ ಮಾಡಿಲ್ಲ. ಊಟಕ್ಕೆ ಕೂತರೆ ಸಾಕು, ಯಾರದೋ ಬೆನ್ನುಮೂಳೆ ಫೋನಿನಲ್ಲಿ ಬರುತ್ತದೆ. ಲಿವರ್‌ಮೋರ್ ದೇವಸ್ಥಾನದಲ್ಲಿ ಒಬ್ಬ ಹಿರಿಯರು ಪ್ರಸಾದದ ಸಾಲಿನಲ್ಲೇ ಪಂಚೆ ಎತ್ತಿ ಮಂಡಿ ತೋರಿಸಿದರು. ಊದಿದ ಮಂಡಿ, ಅದಕ್ಕೆ ಬಳಿದ ನೋವಿನೆಣ್ಣೆಯ ವಾಸನೆ, ನನ್ನ ಕೈಯಲ್ಲಿ ಪುಳಿಯೋಗರೆ. ಅದನ್ನು ಕಸದ ಡಬ್ಬಿಗೆ ಹಾಕಿ ಬಂದೆ.

ಮನೆಗೆ ಬರುವಾಗ ಫ್ರೀವೇ ಉದ್ದಕ್ಕೂ ಗಂಡನ ಹತ್ತಿರ ಗೊಣಗುತ್ತಿದ್ದೆ, ನಾಚಿಕೆಗೆಟ್ಟ ಜನ ಎಂದು. ಆದರೆ ಒಮ್ಮೆಯೂ "ನೋಡಲ್ಲ" ಎಂದವಳಲ್ಲ. "ನಮ್ಮ ಮೈಥಿಲಿ ಒಂದ್ಸಲ ಕಣ್ಣಾಡಿಸಿದ್ರೆ ಸಾಕು ಕಣ್ರೀ" ಎಂದು ನಾಲ್ಕು ಜನರ ಮುಂದೆ ಯಾರಾದರೂ ಅಂದರೆ ಒಳಗೊಳಗೇ ಉಬ್ಬಿಹೋಗುತ್ತಿದ್ದೆ. ಫೋನಿನ ಚಿತ್ರವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ, ಬಾಯಲ್ಲಿದ್ದ ತುತ್ತು ನುಂಗಿ, "ವಯಸ್ಸಿನ ಸವಕಳಿ, ಎಕ್ಸರ್ಸೈಜ್ ಮಾಡಿ" ಅನ್ನುತ್ತಿದ್ದೆ. ಬಹಳ ಸಲ ಅದು ಸರಿಯಾಗಿಯೇ ಇರುತ್ತಿತ್ತು.

ಮಾರ್ಚ್‌ನಲ್ಲಿ ಮಿಲ್ಪಿಟಾಸ್‌ನಲ್ಲಿ ಶೇಷಾದ್ರಿಯವರ ಟೌನ್‌ಹೌಸಿನ ಗೃಹಪ್ರವೇಶ. ಅವರ ಹೆಂಡತಿ ಜಲಜಕ್ಕ ಈ ಕಡೆಯ ಅರ್ಧ ಹೆಂಗಸರಿಗೆ ರವಿಕೆ ಹೊಲಿದುಕೊಟ್ಟವರು. ಅಳತೆಯ ಟೇಪು ಕತ್ತಿನಲ್ಲಿ ಇಲ್ಲದೆ ನಾನು ಅವರನ್ನು ನೋಡಿದ್ದು ಆವತ್ತೇ. ಹೋಳಿಗೆ ಬಡಿಸುತ್ತಾ ನನ್ನ ಪಕ್ಕ ನಿಂತರು. ಬಲಗೈಯ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವಂತೆ, ಸೂಜಿ ಜಾರುತ್ತದಂತೆ. ಕುತ್ತಿಗೆಯ ಎಂಆರ್‌ಐ ಫೋನಿನಲ್ಲಿತ್ತು. ಮೊಣಕೈಗೆ ಇನ್ನೊಂದು ಸ್ಕ್ಯಾನು ಮಾಡಿಸಬೇಕು ಎಂದು ಅವರ ಡಾಕ್ಟರು ಬರೆದುಕೊಟ್ಟಿದ್ದರು.

"ಕುತ್ತಿಗೆಯಲ್ಲಿ ಸ್ವಲ್ಪ ಡಿಸ್ಕ್ ಉಬ್ಬಿದೆ ಅಷ್ಟೇ, ಎಲ್ಲರಿಗೂ ಇರತ್ತೆ. ಏನೂ ಇಲ್ಲ ಜಲಜಕ್ಕ, ಎಕ್ಸರ್ಸೈಜ್ ಮಾಡಿ, ಆರಾಮಾಗಿರಿ" ಅಂದೆ. ಅವರು ಕೈ ಚಾಚಿದರು. ನನ್ನ ಖಾಲಿ ತಟ್ಟೆಯನ್ನು ಅದರಲ್ಲಿಟ್ಟೆ. ತಟ್ಟೆ ಜಾರಿ ಬಿತ್ತು. ಕಾಗದದ ತಟ್ಟೆ, ಇಬ್ಬರೂ ನಕ್ಕೆವು.

ಕಳೆದ ವಾರ, ಎಂಟು ತಿಂಗಳ ಮೇಲೆ, ಬೆಳಗಿನ ಮೂರನೇ ಪೇಷೆಂಟಾಗಿ ಜಲಜಕ್ಕ ನನ್ನ ಸ್ಕ್ಯಾನಿಂಗ್ ಕೋಣೆಗೆ ಬಂದರು.

"ನಿಮ್ಮ ಹತ್ರಾನೇ ಮಾಡಿಸ್ಬೇಕು ಅಂತ ಹಟ ಮಾಡಿ ಇಷ್ಟು ದೂರ ಬಂದೆ" ಎಂದು ನಗುತ್ತಾ ಕೂತರು. ಬಲಗೈಯನ್ನು ದಿಂಬಿನ ಮೇಲೆ ಇಟ್ಟರು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತುಂಬಿಕೊಂಡಿರಬೇಕಾದ ಮಾಂಸ ಇರಲಿಲ್ಲ. ಅಲ್ಲೊಂದು ಗುಳಿ. ಕಿರುಬೆರಳು ಮಡಚಿಕೊಂಡು ನೆಟ್ಟಗಾಗದೆ ನಿಂತಿತ್ತು.

ಮೊಣಕೈಗೆ ಜೆಲ್ ಹಚ್ಚಿ ಅಲ್ಟ್ರಾಸೌಂಡಿನ ಹಿಡಿ ಇಟ್ಟೆ. ಹುಡುಕಬೇಕಾಗಿರಲಿಲ್ಲ. ಕೈಗಿಳಿಯುವ ನರ ಮೊಣಕೈಯ ಒಳಬದಿಯಲ್ಲಿ ಎಲುಬಿಗೆ ಒರಗಿ ಹೋಗುವ ಜಾಗದಲ್ಲಿ, ನೇರಳೆಹಣ್ಣಿನಷ್ಟು ನೀರುಗುಳ್ಳೆ ಅದರ ಮೇಲೆ ಕೂತಿತ್ತು. ಅದರಡಿ ನರ ಚಪ್ಪಟೆಯಾಗಿತ್ತು, ಮೇಲ್ಭಾಗದಲ್ಲಿ ಊದಿಕೊಂಡಿತ್ತು. ಕಲಿಯಲು ಬಂದ ವಿದ್ಯಾರ್ಥಿಯೂ ಒಂದೇ ನಿಮಿಷದಲ್ಲಿ ಗುರುತಿಸುವಂಥದ್ದು.

"ಮಾರ್ಚ್‌ನಲ್ಲೇ ಈ ಸ್ಕ್ಯಾನು ಮಾಡಿಸಿ ಅಂದಿದ್ರಲ್ಲ, ಯಾಕೆ ಮಾಡಿಸ್ಲಿಲ್ಲ ಜಲಜಕ್ಕ?"

ಉತ್ತರ ನನಗೆ ಗೊತ್ತಿತ್ತು. ಆದರೂ ಕೇಳಿದೆ. ಅವರು ಬೇರೇನಾದರೂ ಹೇಳಲಿ, ಇಂಡಿಯಾಕ್ಕೆ ಹೋಗಿದ್ದೆ ಎನ್ನಲಿ, ಮರೆತೆ ಎನ್ನಲಿ ಎಂಬ ಆಸೆ. ಅಂಥ ಆಸೆ ಹುಟ್ಟಿತಲ್ಲ, ಅದಕ್ಕೇ ನನ್ನ ಮೇಲೆ ನನಗೆ ಹೇಸಿಗೆಯಾಯಿತು.

"ನೀವು ಏನೂ ಇಲ್ಲ ಅಂದ್ರಲ್ಲ, ಕ್ಯಾನ್ಸಲ್ ಮಾಡ್ಸಿದೆ. ಎಕ್ಸರ್ಸೈಜೂ ಮಾಡ್ದೆ. ಇವರು ಬೈತಾನೇ ಇದ್ರು, ಡಾಕ್ಟ್ರು ಹೇಳಿದ್ದಾರೆ ಮಾಡ್ಸು ಅಂತ. ನಾನೇ, ಮೈಥಿಲಿಗಿಂತ ದೊಡ್ಡ ಡಾಕ್ಟ್ರಾ ಅವರು ಅಂತ ಜಗಳ ಆಡ್ದೆ."

ಪರದೆಯ ಮೇಲಿನ ಗುಳ್ಳೆಯನ್ನೇ ನೋಡುತ್ತಾ ಕೂತೆ. ರಿಪೋರ್ಟಿನಲ್ಲಿ "ಎಂಟು ತಿಂಗಳಿಂದ ಜೋಮು" ಎಂದು ಬರೆದು ಕಳಿಸಿದರೆ ಯಾರೂ ಕೇಳುವುದಿಲ್ಲ. ಗೃಹಪ್ರವೇಶದ ಊಟದ ಮಧ್ಯೆ ನಾನು ಆಡಿದ ಮಾತು ಯಾವ ಕಂಪ್ಯೂಟರಿನಲ್ಲೂ ಇಲ್ಲ. ಜಲಜಕ್ಕ ನನ್ನನ್ನು ಇನ್ನೂ ನಂಬಿಕೊಂಡೇ ಇದ್ದರು. ಕಳ್ಳನ ಕೈಗೇ ಬೀಗದ ಕೈ ಕೊಟ್ಟು ಕೂತವರ ಹಾಗೆ ಕಂಡರು.

"ತಪ್ಪು ನಂದು" ಅಂದೆ. "ಕುತ್ತಿಗೆ ಚಿತ್ರ ನೋಡಿ ಕೈ ಬಗ್ಗೆ ಹೇಳ್ಬಿಟ್ಟೆ. ತೊಂದರೆ ಇಲ್ಲಿತ್ತು. ಆವಾಗ್ಲೇ ಮಾಡಿಸಿದ್ರೆ ನರದ ಮೇಲಿನ ಒತ್ತಡ ಇಳಿಸ್ಬಹುದಿತ್ತು, ಕೈ ಉಳೀತಿತ್ತು ಅನ್ಸತ್ತೆ. ಈಗ ಆಪರೇಷನ್ ಬೇಕು. ಜೋಮು ಕಮ್ಮಿ ಆಗ್ಬಹುದು. ಕರಗಿರೋ ಮಾಂಸಖಂಡ ವಾಪಸ್ ಬರತ್ತೆ ಅಂತ ಹೇಳಕ್ಕಾಗಲ್ಲ."

"ಸೂಜಿ ಹಿಡಿಯಕ್ಕಾಗತ್ತಾ?"

"ಗೊತ್ತಿಲ್ಲ ಜಲಜಕ್ಕ."

ಅವರು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಗುಳಿಬಿದ್ದ ಜಾಗವನ್ನು ಎಡಗೈಯ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿಕೊಂಡರು.

"ಅವತ್ತು ಕೈ ಚಾಚಿದ್ದೆನಲ್ಲ" ಅಂದರು ನಿಧಾನವಾಗಿ. "ಮುಟ್ಟಿ ನೋಡ್ತೀರೇನೋ ಅಂತ ಚಾಚಿದ್ದು. ನೀವು ಎಂಜಲು ತಟ್ಟೆ ಇಟ್ಟುಬಿಟ್ರಿ."

ಜೆಲ್ ಒರೆಸಿಕೊಳ್ಳಲೆಂದು ಟವೆಲು ಮುಂದೆ ಹಿಡಿದೆ. ಯಾರು ಏನು ಕೊಟ್ಟರೂ ಬಲಗೈಯಲ್ಲೇ ಈಸಿಕೊಳ್ಳುವ ಹೆಂಗಸು. ಅಭ್ಯಾಸಕ್ಕೆ ಬಲಗೈ ಎತ್ತಿದರು, ಅದನ್ನೇ ಒಂದು ಗಳಿಗೆ ನೋಡಿದರು, ಮಡಿಲಲ್ಲಿ ಇಟ್ಟುಕೊಂಡರು. ಎಡಗೈ ಚಾಚಿ ಟವೆಲು ತೆಗೆದುಕೊಂಡರು.